ಮಂಗಳ ಕೇಳದ ವೆಂಕಟಲಕ್ಷ್ಮಿ

ಮದರಾಸಿನಲ್ಲಿ ಟ್ರಾಮು ನಿಂತ ಹೊಸತರಲ್ಲಿ, ಮೈಲಾಪುರದ ಸಂಗೀತ ಸಭೆಯ ಹೆಂಗಸರ ಕೊನೆಯ ಸಾಲಿನಲ್ಲಿ, ಕಂಬದ ಮರೆಗೆ ಕೂರುತ್ತಿದ್ದವಳು ವೆಂಕಟಲಕ್ಷ್ಮಿ. ಕಿವಿ ಹಾಡಿನ ಮೇಲೆ, ಕಣ್ಣು ಮಾತ್ರ ಗಂಡಸರ ಮುಂದಿನ ಸಾಲಿನಲ್ಲಿದ್ದ ಗಂಡನ ಜರಿಪೇಟದ ಮೇಲೆ. ಪೇಟ ಕೊಂಚ ತಿರುಗಿದರೆ ಸಾಕು, ಸೆರಗು ತಲೆಗೇರುತ್ತಿತ್ತು. ಪಕ್ಕದವಳಿಗೆ ಪಿಸುಗುಡುತ್ತಿದ್ದ ಗೊಜ್ಜಿನ ಪಾಠ ಸಾಸಿವೆ ಸಿಡಿಯುವ ಮೊದಲೇ ನಿಂತುಬಿಡುತ್ತಿತ್ತು. ಅವಳ ಸಾರಿನ ಪುಡಿಗಂತೂ ಆ ಸಾಲಿನವರೆಲ್ಲ ಮರುಳು. ಅಳತೆ ಹೇಳುವುದೂ ಸಂಗೀತದಲ್ಲೇ: “ಕೊತ್ತಂಬರೀನ ಒಂದು ಪಲ್ಲವಿ ಹಾಡೋವಷ್ಟು ಹುರೀರಿ, ಅನುಪಲ್ಲವಿಗೆ ಹೋದರೆ ಸೀದುಹೋಗುತ್ತೆ.” ಎಲ್ಲವನ್ನೂ ಬಿಚ್ಚಿ ಹೇಳಿ, ಬದಲಿಗೆ ಅವಳು ಕೇಳುತ್ತಿದ್ದುದು ಒಂದೇ: “ನಿನ್ನೆ ನಾನು ಎದ್ದುಹೋದ ಮೇಲೆ ಏನು ಹಾಡಿದರು?” ಕಚೇರಿಯ ಕೊನೆಗೆ ಮೃದಂಗದವನ ಸರದಿ ಬಂತೆಂದರೆ ಅವಳ ಎದೆಯೇ ಮೃದಂಗ. ಚಪ್ಪಲಿ ಕೈಯಲ್ಲಿ ಹಿಡಿದು ಓಡಬೇಕು, ಇದ್ದಿಲು ಹೊತ್ತಿಸಬೇಕು, ಕಡೆಯ ಹಾಡು ಮಂಗಳದವರೆಗೂ ಕೇಳಿ ಬರುವ ಗಂಡನಿಗೆ ಸಾರು ಕುದಿಯುತ್ತಿರಬೇಕು. “ನಿಮ್ಮೆಜಮಾನರು ಮುಂದೇನೇ ಕೂತಿರ್ತಾರಲ್ಲ ಮಾಮಿ, ಅವರನ್ನೇ ಕೇಳಬಾರದಾ?” ಎಂದು ಸಭೆಯಲ್ಲಷ್ಟೇ ಸಿಗುತ್ತಿದ್ದ ಗೆಳತಿ ತುಂಗಾ ಒಮ್ಮೆ ನಕ್ಕಳು. “ಅಯ್ಯೋ, ಮೆಲ್ಲಗೆ! ನಾನು ಮನೇಲಿದೀನಿ ಅಂತಲೇ ಅವರು ತಿಳ್ಕೊಂಡಿರೋದು. ಗೊತ್ತಾದರೆ ಈ ಅರ್ಧ ಕಚೇರಿಗೂ ಕಲ್ಲು ಬೀಳುತ್ತೆ.” ತುಂಗಾಳ ಕೈ ಗಟ್ಟಿಯಾಗಿ ಹಿಡಿದು ಹೇಳಿದಳು: “ನಮ್ಮವರು ನಿಮ್ಮವರ ಜೊತೆ ನಿಮ್ಮನೆಗೆ ಊಟಕ್ಕೆ ಬಂದ ದಿನ ಮಾತ್ರ ಈ ಸಾರು ಮಾಡಬೇಡಮ್ಮ. ಎದುರಿಗೆ ನಿಂತರೂ ನನ್ನ ಮುಖ ನೋಡದವರು, ಸಾರನ್ನ ಒಂದೇ ಗುಟುಕಿಗೆ ಗುರುತು ಹಿಡೀತಾರೆ.”