ಅಕ್ಕ ಕದ್ದು ತಿಂದದ್ದು

ನನ್ನ ಅಕ್ಕ ಇಪ್ಪತ್ತಾರು ವರ್ಷದಿಂದ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಾಳೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅಂಥವಳನ್ನು ಒಂದೂವರೆ ವರ್ಷ ಎಲ್ಲರೂ ಸೇರಿ ಕಳ್ಳಿ ಮಾಡಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವಳಿಗಿರುವುದು ಸೀಲಿಯಾಕ್ ಕಾಯಿಲೆ, ಗೋಧಿ ಒಂದು ಚೂರು ಹೊಟ್ಟೆಗೆ ಹೋದರೂ ಕರುಳು ಹಾಳಾಗುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ಅವಳು ಮನೆಯಿಂದ ಗೋಧಿಯನ್ನು ಓಡಿಸಿದಳು. ಪಾತ್ರೆ, ಸೌಟು ಎಲ್ಲ ಬೇರೆ ಇಟ್ಟುಕೊಂಡಳು. ನನ್ನ ಮಗಳ ಮದುವೆಗೂ ಅನ್ನದ ಡಬ್ಬಿ ಕಟ್ಟಿಕೊಂಡು ಬಂದಳು. ಬೀಗರು ಮೂಗು ಮುರಿದರೂ ಕ್ಯಾರೇ ಅನ್ನಲಿಲ್ಲ. ಆದರೂ ಹೊಟ್ಟೆಯುಬ್ಬರ ಇಳಿಯಲಿಲ್ಲ, ಭೇದಿ ನಿಲ್ಲಲಿಲ್ಲ. ಹನ್ನೊಂದು ಕಿಲೋ ಇಳಿದುಹೋದಳು. ಪ್ರತಿ ಸಲವೂ ರಕ್ತ ಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರದ್ದು ಒಂದೇ ರಾಗ: ಎಲ್ಲೋ ಕದ್ದು ತಿನ್ನುತ್ತಿದ್ದೀರಿ. ಭಾವ ಅದನ್ನೇ ಹಿಡಿದುಕೊಂಡರು. ಅವಳ ಅತ್ತೆಯಂತೂ ಚೀಲ ತಡಕಿ ಬಿಸ್ಕತ್ತು ಹುಡುಕಿದರು. ಸಿಕ್ಕಿದ್ದು ಸೂಜಿ, ದಾರ. ತಿಂದಿಲ್ಲ, ತಿಂದಿಲ್ಲ ಎಂದು ಹೇಳಿ ಹೇಳಿ ಸಾಕಾಗಿ ಅಕ್ಕ ಕೊನೆಗೆ ಮಾತೇ ಬಿಟ್ಟಳು. ಅವಳು ಸುಮ್ಮನಾದದ್ದು ನೋಡಿ ನನಗೆ ಭಯವಾಯಿತು.

ನಾನೇನು ಸಾಚಾ? ಅಲ್ಲ. ಸಿಕ್ಕಿಬಿದ್ದರೆ ಬುದ್ಧಿ ಹೇಳೋಣವೆಂದು ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವಳ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಕಿಟಕಿಯ ಬಳಿ ಉದ್ದನೆಯ ಮೇಜು, ಹಾಳೆಗಳ ಕಟ್ಟು, ಬೋಗುಣಿಯಲ್ಲಿ ಅಂಟು. ಅಕ್ಕ ಬೆರಳಿನಿಂದ ಅಂಟು ತೆಗೆದು ಹಾಳೆಯ ಅಂಚಿಗೆ ಸವರಿದಳು, ಬೆರಳನ್ನು ಬಟ್ಟೆಗೆ ಒರೆಸಿದಳು, ಅದೇ ಬೆರಳನ್ನು ನಾಲಿಗೆಗೆ ತಾಗಿಸಿ ಮುಂದಿನ ಹಾಳೆ ಎತ್ತಿದಳು. ಮತ್ತೆ ಅಂಟು, ಮತ್ತೆ ನಾಲಿಗೆ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದು ಹಾಗೇ. ನಮ್ಮಪ್ಪ ಅವಳಿಗೆ ಕಲಿಸಿದ್ದೂ ಹಾಗೇ.

"ಅಕ್ಕಾ, ಈ ಅಂಟು ಯಾವುದ್ರಿಂದ ಮಾಡ್ತೀಯೇ?"

"ಮೈದಾದಿಂದ. ದಿನಾ ಬೆಳಗ್ಗೆ ನಾನೇ ಕುದಿಸ್ತೀನಿ," ಎಂದವಳು ಬೆರಳನ್ನು ತುಟಿಯ ಹತ್ತಿರವೇ ಹಿಡಿದು ಕೂತುಬಿಟ್ಟಳು. ಮೈದಾ ಅಂದರೆ ಗೋಧಿಯೇ ತಾನೆ.

ಮಾರನೆಯ ದಿನ ಇಬ್ಬರೂ ಡಾಕ್ಟರ ಮುಂದೆ ಕೂತೆವು. ಎಲ್ಲ ಕೇಳಿಸಿಕೊಂಡು ಅವರು, ಇದನ್ನು ಮೊದಲೇ ಹೇಳಬಾರದಿತ್ತೇ, ತಪ್ಪು ನಿಮ್ಮದೇ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಕೇಳಿದ್ದರೆ ತಾನೆ ಹೇಳುವುದು? ಅಕ್ಕ ಮಾತ್ರ ಕೈ ಚಾಚಿ, ಮೇಜಿನ ಮೇಲಿದ್ದ ತನ್ನ ಫೈಲನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲ ಪುಟ ನೋಡಿದಳು. ಹೆಸರು, ವಯಸ್ಸು, ಅದರ ಕೆಳಗೆ ಉದ್ಯೋಗ: ಗೃಹಿಣಿ. ಅದನ್ನು ಯಾರೂ ಅವಳನ್ನು ಕೇಳಿ ಬರೆದದ್ದಲ್ಲ.

ಅಕ್ಕ ಪೆನ್ನನ್ನು ಎತ್ತಿ ಡಾಕ್ಟರ ಕೈಗೇ ಕೊಟ್ಟಳು.

"ಮೊದ್ಲು ಇದನ್ನ ಹೊಡೆದು ಹಾಕಿ, ಡಾಕ್ಟ್ರೇ. ಬೈಂಡರ್ ಅಂತ ಬರೀರಿ. ತಪ್ಪು ಯಾರದು ಅಂತ ಆಮೇಲೆ ಮಾತಾಡೋಣ."