ಓಲಗ ಊದುವವನ ದವಡೆ ಹಲ್ಲು

ನಮ್ಮಣ್ಣ ನಾದಸ್ವರ ಊದುತ್ತಾನೆ, ನಾನು ಡೋಲು ಬಾರಿಸುತ್ತೇನೆ. ತಿ. ನರಸೀಪುರದ ಸುತ್ತಮುತ್ತಲಿನ ಮದುವೆ, ಗೃಹಪ್ರವೇಶಗಳಿಗೆ ಇಬ್ಬರೂ ಒಟ್ಟಿಗೇ ಹೋಗುತ್ತೇವೆ. ಎರಡು ವರ್ಷದ ಹಿಂದೆ, ಮದುವೆಗಳು ಒಂದರ ಹಿಂದೊಂದು ಬಂದ ವೈಶಾಖದಲ್ಲಿ, ಅವನಿಗೆ ಬಲಗಡೆಯ ದವಡೆ ಹಲ್ಲು ನೋಯಲು ಶುರುವಾಯಿತು.

ಮೊದಲು ಲವಂಗ ಕಚ್ಚಿಕೊಂಡ. ಅದಕ್ಕೆ ಬಗ್ಗದಿದ್ದಾಗ ಮಾತ್ರೆ. ನುಂಗಿದ ಅರ್ಧ ಗಂಟೆಗೆ ನೋವು ತಗ್ಗುತ್ತಿತ್ತು. ಮುಹೂರ್ತ ಮುಗಿದು ಊಟಕ್ಕೆ ಕೂರುವಷ್ಟರಲ್ಲಿ ಮತ್ತೆ ಬರುತ್ತಿತ್ತು. ದಿನಕ್ಕೊಂದು ಇದ್ದದ್ದು ಮೂರನೇ ವಾರಕ್ಕೆ ನಾಲ್ಕಾಯಿತು. ಅಗಿಯಲಾಗದೆ ಊಟ ಬಿಟ್ಟಿದ್ದರಿಂದ ಖಾಲಿ ಹೊಟ್ಟೆಗೇ ನುಂಗುತ್ತಿದ್ದ. ಒಮ್ಮೆ ಮಾತ್ರೆಯನ್ನು ಒಸಡಿಗೇ ಒತ್ತಿಟ್ಟುಕೊಂಡ; ಅಲ್ಲಿ ಬೆಳ್ಳಗೆ ಸುಟ್ಟಂತಾಯಿತು. ಮೆಡಿಕಲ್ ಸ್ಟೋರಿಗೆ ಹೋಗಿ ತರುತ್ತಿದ್ದವನು ನಾನೇ. ಅವನು ಊದದಿದ್ದರೆ ನನಗೂ ಕೆಲಸವಿಲ್ಲ.

"ಡಾಕ್ಟ್ರಿಗೆ ತೋರ್ಸನ ನಡಿಯಣ್ಣ," ಎಂದು ಒಂದೆರಡು ಸಲ ಅಂದದ್ದುಂಟು.

"ತೋರ್ಸುದ್ರೆ ಕೀಳ್ತಾರೆ ಕಣ್ಲಾ. ಒಂದಲ್ಲು ಓದ್ರೆ ಪಕ್ಕದ್ದೂ ಸಡ್ಲ ಆಯ್ತದೆ. ಅಪ್ಪುಂದು ನೋಡ್ಲಿಲ್ವಾ?"

ನಮ್ಮಪ್ಪ, ಮುಂದಿನ ಹಲ್ಲುಗಳು ಬಿದ್ದ ಮೇಲೆ ವಾದ್ಯಕ್ಕೆ ತುಟಿ ನಿಲ್ಲದೆ, ನಾದಸ್ವರ ಬಿಟ್ಟು ಶ್ರುತಿ ಪೆಟ್ಟಿಗೆ ಹಿಡಿದು ಹಿಂದೆ ಕೂತಿದ್ದರು. ಅಣ್ಣ ಹೆದರಿದ್ದು ಅದಕ್ಕೆ. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ.

ಮುಡುಕುತೊರೆಯ ಒಂದು ಮದುವೆಯ ಬೆಳಿಗ್ಗೆ ಅವನ ಕೆನ್ನೆ ಊದಿಕೊಂಡಿತ್ತು. ಎರಡು ಮಾತ್ರೆ ನುಂಗಿ ಕೂತ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದಾಗ ವಾದ್ಯ ಎತ್ತಿದ. ಬರೀ ಗಾಳಿ ಬಂತು, ಸ್ವರ ಬರಲಿಲ್ಲ. ನಾನು ಇನ್ನೂ ಜೋರಾಗಿ ಬಾರಿಸಿದೆ. ಬರೀ ಡೋಲಿನ ಸದ್ದಿಗೇ ತಾಳಿ ಕಟ್ಟಿದ್ದಾಯಿತು. ಅಣ್ಣ ತಲೆ ತಗ್ಗಿಸಿ ಕೂತಿದ್ದ.

ಹೆಣ್ಣಿನ ಚಿಕ್ಕಮ್ಮ ಆಸ್ಪತ್ರೆಯಲ್ಲಿ ನರ್ಸ್. ಆಕೆ ಬಂದು ಅವನ ಹಣೆ ಮುಟ್ಟಿ ನೋಡಿದರು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ.

"ಜ್ವರ ಅದೆ, ಬಾಯಿ ಬಿಡಕಾಯ್ತಿಲ್ಲ. ಇವತ್ತೇ ಹಲ್ಲಿನ ಡಾಕ್ಟ್ರು ತಾವ್ಕೆ ಕರ್ಕೊಂಡೋಗಿ," ಎಂದು ನನಗೆ ಹೇಳಿದರು. "ಉಗ್ಳು ನುಂಗಕೆ, ಉಸ್ರಾಡಕೆ ಕಷ್ಟ ಆದ್ರೆ ದಾರೀಲಿ ನಿಲ್ಬೇಡಿ, ನೆಟ್ಗೆ ದೊಡ್ಡಾಸ್ಪತ್ರೆಗೆ ಓಗಿ."

ನಮ್ಮಕ್ಕ ನಂಜನಗೂಡಿನಲ್ಲಿ ಒಬ್ಬ ಡಾಕ್ಟರಮ್ಮನಿಗೆ ಹಲ್ಲು ತೋರಿಸಿದ್ದಳು. ಅವರಲ್ಲಿಗೇ ಹೋದೆವು. ಯಾವ ಮಾತ್ರೆ ಎಂದು ಕೇಳಿದಾಗ ಅಣ್ಣ ಜೇಬಿನಿಂದ ಎರಡು ಪಟ್ಟಿ ತೆಗೆದಿಟ್ಟ.

"ಹೆಸರು ಬೇರೆ, ಒಳಗಿರೋ ಔಷಧಿ ಒಂದೇ. ಎರಡನ್ನೂ ತಗೊಂಡಿದ್ದೀರಿ," ಎಂದರು ಡಾಕ್ಟರಮ್ಮ. "ಮಾತ್ರೆ ನೋವನ್ನ ಮರೆಸುತ್ತೆ ಅಷ್ಟೆ. ಕೀವು ಬುಡದಲ್ಲಿ ಬೆಳೀತಾನೇ ಇರುತ್ತೆ. ನೋವು ಒಂದೆರಡು ದಿನದಲ್ಲಿ ಹೋಗದೇ ಇದ್ದಾಗಲೇ ಬರಬೇಕಿತ್ತು."

"ನಾ ಓಲಗ ಊದೋನು ಕಣವ್ವ. ಕೀಳ್ಬೇಡಿ," ಎಂದ ಅಣ್ಣ, ಹಲ್ಲು ಕಚ್ಚಿಕೊಂಡೇ.

ವಾದ್ಯವನ್ನು ಹೇಗೆ ಹಿಡಿಯುತ್ತೀರಿ ಎಂದು ಅವರು ಕೇಳಿದರು. ಅಣ್ಣ ಎರಡು ಬೆರಳು ತುಟಿಗಿಟ್ಟು ತೋರಿಸಿದ. ಮುಂದಿನ ಹಲ್ಲುಗಳು ಗಟ್ಟಿಯಿವೆ, ಕೆಟ್ಟದ್ದು ಹಿಂದಿನದು, ಅದನ್ನು ಉಳಿಸುವ ಹಾಗಿಲ್ಲ, ತಿಂಗಳ ಹಿಂದೆ ಬಂದಿದ್ದರೆ ಬೇರು ಸ್ವಚ್ಛ ಮಾಡಿ ಉಳಿಸಬಹುದಿತ್ತು ಎಂದರು. ಅಣ್ಣ ಮುಂದಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಒಪ್ಪಿ ತಲೆಯಾಡಿಸಿದ. ಅಂದು ಕೀವು ತೆಗೆದರು, ಮುಂದಿನ ವಾರ ಹಲ್ಲು ಕಿತ್ತರು.

ಮೂರು ಮದುವೆಗಳಿಗೆ ಬದನವಾಳಿನ ಬೇರೊಬ್ಬರ ಜೊತೆ ನಾನು ಹೋದೆ. ಒಂದು ತಿಂಗಳಾದ ಮೇಲೆ ಚಿಕ್ಕಯ್ಯನಛತ್ರದ ಗೃಹಪ್ರವೇಶಕ್ಕೆ ಅಣ್ಣ ಬಂದ. ಮೊದಲು ಅಳುಕಿ ಊದಿದ, ಹಾಲು ಉಕ್ಕಿಸುವ ಹೊತ್ತಿಗೆ ಪೂರ್ತಿ ದಮ್ಮು ಕಟ್ಟಿ ಊದಿದ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಬಂದ ಹೊಟ್ಟೆಯ ಉರಿತ ಮಾತ್ರ ಇನ್ನೂ ಕೆಲವು ತಿಂಗಳು ಕಾಡಿತು.

ಹೋದ ಚಳಿಗಾಲದಲ್ಲಿ ನನಗೇ ಹಲ್ಲು ನೋವು ಬಂತು. ತಿಂಡಿ ತಿಂದು ಒಂದು ಮಾತ್ರೆ ನುಂಗಿ, ಮುಹೂರ್ತ ಮುಗಿಸಿ, ಮಧ್ಯಾಹ್ನವೇ ನಂಜನಗೂಡಿನ ಬಸ್ಸು ಹತ್ತಿದೆ. ಸಣ್ಣ ತೂತು; ಅರ್ಧ ಗಂಟೆಯಲ್ಲಿ ತುಂಬಿ ಕಳಿಸಿದರು.