ನಂಜುಂಡಪ್ಪನಿಗೆ ಓಟು, ಗೋಮಾಳಕ್ಕೆ ಜಗಳ

ಆಗೆಲ್ಲ ಎಲೆಕ್ಷನ್ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಪೋಸ್ಟರ್ ಅಂಟಿಸಲು ಕುದಿಸಿದ ಮೈದಾ ಗಂಜಿಯ ಹುಳಿ ವಾಸನೆ, ಹಳೇ ಹೆಸರು ಅಳಿಸಲು ಗೋಡೆಗೆ ಬಳಿದ ಸುಣ್ಣದ ವಾಸನೆ, ಶಾಮಿಯಾನದ ಹಿಂದೆ ಕರಿಯುವ ಬೋಂಡದ ವಾಸನೆ. ಮೊಬೈಲು ಇನ್ನೂ ಬಂದಿರಲಿಲ್ಲ. ಹಾಗಾಗಿ ಸುಳ್ಳು ಹೇಳುವವನು ಮನೆ ಬಾಗಿಲಿಗೇ ಬಂದು, ಬಿಸಿಲಲ್ಲಿ ಬೆವರಿ, ಮುಖ ತೋರಿಸಿ ಹೇಳಬೇಕಾಗಿತ್ತು. ಅಷ್ಟಾದರೂ ಕಷ್ಟ ಇತ್ತು ಆ ಕಸುಬಿಗೆ.

ನಮ್ಮೂರು ನಿಟ್ಟೂರಿನ ಪಕ್ಕ, ರೈಲಿನ ಕೂಗು ಕೇಳುವಷ್ಟು ದೂರ. ಅಪ್ಪ ಕುಣಿಗಲ್ ಕಡೆ ಲಾರಿ ಓಡಿಸುತ್ತಿದ್ದ. ಅಮ್ಮ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಿರಣಿ ಜಯಮ್ಮ ಅಂದರೆ ಸುತ್ತಮುತ್ತ ಎಲ್ಲರಿಗೂ ಗೊತ್ತು. ಹುಬ್ಬಿನ ಮೇಲೆ ಸದಾ ರಾಗಿ ಹಿಟ್ಟು. ಬೆಲ್ಟಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಹೇಗಾಗಿತ್ತೆಂದರೆ, ಗುಟ್ಟು ಹೇಳಿದರೂ ಬಸ್ ಸ್ಟಾಪಿಗೆ ಕೇಳುತ್ತಿತ್ತು.

ನಾನು ಆರನೇ ಕ್ಲಾಸು. ಆ ಬೇಸಿಗೆ ತಾಲ್ಲೂಕು ಪಂಚಾಯ್ತಿ ಚುನಾವಣೆ. ನಂಜುಂಡಪ್ಪ ಪಕ್ಷೇತರನಾಗಿ ನಿಂತಿದ್ದ, ಗುರುತು ಹೊಲಿಗೆ ಯಂತ್ರ. ಅಮ್ಮ ಅವನ ಕಡೆ. ಕಾರಣ ಸರಳ. ಹೈಸ್ಕೂಲಿಗೆ ಗುಬ್ಬಿಗೆ ಹೋಗುವ ಹುಡುಗಿಯರಿಗೆ ಬಸ್ಸು ನಿಲ್ಲಿಸುತ್ತಿರಲಿಲ್ಲ. ಡ್ರೈವರು ನಮ್ಮೂರು ಬಂದರೆ ಸ್ಪೀಡು ಏರಿಸುತ್ತಿದ್ದ. ನಂಜುಂಡಪ್ಪ ಒಂದು ಬೆಳಿಗ್ಗೆ ರಸ್ತೆಗೆ ಅಡ್ಡ ಕೂತ. ಡಿಪೋದವರು ಬಂದು ಮಾತು ಕೊಡುವವರೆಗೆ ಏಳಲಿಲ್ಲ. "ನನ್ ಮಗ್ಳು ಓದೋಕೆ ಹೋಗೋದು ಆ ಮನುಷ್ಯ ರಸ್ತೇಲಿ ಕೂತಿದ್ದಕ್ಕೆ ಕಣೇ" ಅನ್ನುತ್ತಿದ್ದಳು ಅಮ್ಮ, ನಾನಿನ್ನೂ ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ.

ನಮಗೆ ಮಕ್ಕಳಿಗೆ ಹಬ್ಬ. ಎಲ್ಲಾ ಕಡೆಯವರ ಮಂಡಕ್ಕಿಯನ್ನೂ ತಿಂದು, ಹುಣಸೆ ಬೀಜದಲ್ಲಿ ಓಟು ಹಾಕುವ ಆಟ ಆಡುತ್ತಿದ್ದೆವು. ನಾನು, ಗೆಳತಿ ಲಲಿತ ಹೊಲಿಗೆ ಯಂತ್ರದ ಬ್ಯಾಡ್ಜು ಚುಚ್ಚಿಕೊಂಡು ಮೆರವಣಿಗೆಯ ಮುಂದೆ ಕೂಗುತ್ತಾ ಹೋಗುತ್ತಿದ್ದೆವು.

ಲಲಿತಳ ಅಪ್ಪ ರಾಜಣ್ಣ ನಂಜುಂಡಪ್ಪನ ಬಲಗೈ. ಬಲಗೈ ಅಂದರೆ ಕೆಲಸ ಮಾಡುವ ಕೈ ಅಂದುಕೊಳ್ಳಬೇಡಿ, ಚಪ್ಪಾಳೆ ತಟ್ಟುವ ಕೈ. ನಂಜುಂಡಪ್ಪ ಕೆಮ್ಮಿದರೆ ಇವನು ತನ್ನ ಗಂಟಲು ಸವರಿಕೊಳ್ಳುತ್ತಿದ್ದ. ಅಂಥವರ ಒಂದು ಹಿಂಡೇ ಇತ್ತು. ಬಸ್ಸಿಗೆ ಅಡ್ಡ ಕೂತ ದಿನ ಅವರಲ್ಲಿ ಒಬ್ಬನೂ ರಸ್ತೆ ಕಡೆ ಸುಳಿದಿರಲಿಲ್ಲ ಅಂತ ಅಮ್ಮ ಹೇಳುತ್ತಿದ್ದಳು.

ಹಾಲಿನ ಡೈರಿ ಮುಂದೆ ಸಭೆ. ನಂಜುಂಡಪ್ಪ ಮೈಕಿನಲ್ಲಿ ಹೇಳಿದ: "ನಾನು ಗೆದ್ದರೆ ಊರ ಗೋಮಾಳ ಅಳೆಸಿ, ಸೈಟು ಮಾಡಿಸಿ ಹಂಚಿಸ್ತೀನಿ." ಹಿಂಡು ಚಪ್ಪಾಳೆ ತಟ್ಟಿತು. ಸೈಟು ಯಾರಿಗೆ ಸಿಗುತ್ತದೆ ಅಂತ ಚಪ್ಪಾಳೆಯ ಜೋರಿನಿಂದಲೇ ಗೊತ್ತಾಗುತ್ತಿತ್ತು. ಹೆಂಗಸರ ಸಾಲಿನಿಂದ ಅಮ್ಮ ಎದ್ದಳು. ಅವಳಿಗೆ ಮೈಕು ಬೇಕಿರಲಿಲ್ಲ.

"ನಂಜುಂಡಪ್ಪನೋರೆ, ನನ್ನ ಓಟು ನಿಮಗೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಗೋಮಾಳ ಮುಟ್ಬೇಡಿ. ಹೊಲ ತೋಟ ಇಲ್ದೋರು ಹಸಾನ ಎಲ್ಲಿ ಮೇಯಿಸ್ಬೇಕು? ನಿಮ್ಮ ಅಂಗಳದಾಗಾ?"

ಹೆಂಗಸರು ನಕ್ಕರು. ನಂಜುಂಡಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಆಮೇಲೆ ಮಾತಾಡಣ ಬುಡಮ್ಮ" ಅಂದ. ರಾಜಣ್ಣ ಮೈಕು ಕಿತ್ತುಕೊಂಡ.

"ಏನಮ್ಮ, ನಮ್ಮ ಕಡೆ ಇದೀಯೋ, ಆ ಕಡೆ ಇದೀಯೋ? ಒಂದು ಹೇಳು!"

"ನಿಮ್ಮ ಕಡೆನೇ ಇದೀನಿ ಕಣಯ್ಯ, ಅದಕ್ಕೇ ಹೇಳ್ತಿರೋದು. ಆ ಕಡೆಯೋರು ಬಾವಿಗೆ ಬೀಳ್ತೀನಿ ಅಂದ್ರೆ ನಾನ್ಯಾಕೆ ತಡೀಲಿ?"

ನಂಜುಂಡಪ್ಪ ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮೈಕಿನ ವೈರು ನೋಡುತ್ತಾ ನಿಂತ. ಬಸ್ಸಿಗೆ ಹೆದರದ ಗಂಡಸು ತನ್ನ ಹಿಂಬಾಲಕರಿಗೆ ಹೆದರಿದ್ದ.

ಮಾರನೇ ದಿನ ಮೆರವಣಿಗೆಗೆ ಹೋದರೆ ರಾಜಣ್ಣ ನನ್ನ ಎದೆಯ ಮೇಲಿನ ಬ್ಯಾಡ್ಜು ಕಿತ್ತ. ಫ್ರಾಕು ಹರಿಯಿತು. "ನಿಮ್ಮವ್ವ ಎರಡು ದೋಣಿ ಮೇಲೆ ಕಾಲಿಟ್ಟವ್ಳೆ. ಹೋಗು" ಅಂದ. ಲಲಿತ ನನ್ನ ಮುಖ ನೋಡಲಿಲ್ಲ. ಗಿರಣಿಯೂ ಖಾಲಿಯಾಯಿತು. ಜಯಮ್ಮನ ಹತ್ತಿರ ಬೀಸಿಸಬೇಡಿ ಅಂತ ಹಿಂಡು ಮನೆಮನೆಗೆ ಹೇಳಿಬಂದಿತ್ತು. ರಾಗಿ ಚೀಲಗಳು ನಮ್ಮ ಬಾಗಿಲ ಮುಂದೆಯೇ ಸೈಕಲ್ಲೇರಿ ನಿಟ್ಟೂರಿಗೆ ಹೋಗುತ್ತಿದ್ದವು. ಸಭೆಯಲ್ಲಿ ನಕ್ಕಿದ್ದ ಹೆಂಗಸರೇ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾ ದಾಟುತ್ತಿದ್ದರು.

ವಾಸನೆ ಹಿಡಿದು ಎದುರು ಪಾರ್ಟಿಯವರು ಬಂದರು. ತಟ್ಟೆಯಲ್ಲಿ ಸೀರೆ, ಬಾಳೆಹಣ್ಣು. "ಜಯಕ್ಕ, ಅವರಿಗೆ ನಿಮ್ಮ ಬೆಲೆ ಗೊತ್ತಿಲ್ಲ. ನಮ್ಮ ಕಡೆ ಬಂದ್ಬುಡಿ."

"ಗೋಮಾಳದ ವಿಷ್ಯ ನಿಮ್ಮೋರು ಏನಂತಾರೆ?"

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾವೂ ಸೈಟೇ ಮಾಡ್ತೀವಿ. ಆದ್ರೆ ಸ್ವಲ್ಪ ದೊಡ್ಡ ಸೈಟು."

ಅಮ್ಮ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ. ತಟ್ಟೆಯನ್ನು ಅವರ ಕೈಗೇ ಇಟ್ಟಳು. ಆಮೇಲೆ ನನ್ನ ಕೈ ಹಿಡಿದು ಸೀದಾ ನಂಜುಂಡಪ್ಪನ ಎಲೆಕ್ಷನ್ ಆಫೀಸಿಗೆ ನಡೆದಳು. ಹಿಂಡು ಉಪ್ಪಿಟ್ಟು ತಿನ್ನುತ್ತಿತ್ತು.

"ನನ್ನ ಓಟು ಬೇಕು, ನನ್ನ ಮಗಳ ಎದೆ ಮೇಲೆ ಬ್ಯಾಡ್ಜು ಬ್ಯಾಡ್ವಾ? ಕೊಡ್ರಿ!"

ರಾಜಣ್ಣ ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡೇ ಏನೋ ಅಂದ. ಒಳಗಿನಿಂದ ನಂಜುಂಡಪ್ಪ ಬಂದು ತನ್ನ ಅಂಗಿಯ ಬ್ಯಾಡ್ಜೇ ತೆಗೆದುಕೊಟ್ಟ. ಅಮ್ಮ ಅದನ್ನು ಹರಿದ ಫ್ರಾಕಿಗೆ ಚುಚ್ಚಿದಳು. ಥ್ಯಾಂಕ್ಸೂ ಹೇಳಲಿಲ್ಲ.

ಓಟಿನ ದಿನ ಅಮ್ಮ ಒಬ್ಬಳೇ ಹೋಗಿ ಹೊಲಿಗೆ ಯಂತ್ರಕ್ಕೆ ಒತ್ತಿ ಬಂದಳು. ನಂಜುಂಡಪ್ಪ ಗೆದ್ದ. ಗೆದ್ದವರ ಹಿಂಡು ನಮ್ಮ ಗಿರಣಿ ಮುಂದೆ ನಿಂತು ಕುಣಿದು, ಬೇಕಂತಲೇ ಒಳಗೆ ಗುಲಾಲು ಎರಚಿತು. ತಮಗೆ ಓಟು ಹಾಕಿದವಳ ಗಿರಣಿಗೆ! ಅಮ್ಮ ಪೊರಕೆ ಹಿಡಿದು ಬಂದಳು. "ಗೆದ್ರೂ ಬುದ್ಧಿ ಬರ್ಲಿಲ್ವಲ್ಲೋ ನಿಮಗೆ" ಅಂದು ಗುಡಿಸತೊಡಗಿದಳು.

ಗೋಮಾಳಕ್ಕೆ ಅಳತೆಯವರು ಬಂದ ದಿನವೇ ಊರ ಹೆಂಗಸರಿಗೆ ಅಮ್ಮನ ಮಾತು ಅರ್ಥವಾಯಿತು. ಮುಖ ತಿರುಗಿಸಿ ದಾಟಿದ್ದವರೇ ಗಿರಣಿ ಬಾಗಿಲಿಗೆ ಬಂದರು. ಅಮ್ಮ ಚುಚ್ಚಿ ಮಾತಾಡಲಿಲ್ಲ. "ಹಸಾ ಹಿಡ್ಕಂಡು ಬನ್ರಿ" ಅಂದಳು, ಅಷ್ಟೇ. ಎಲ್ಲರೂ ಹಸುಗಳನ್ನು ಹೊಡೆದುಕೊಂಡು ಹೋಗಿ ನಂಜುಂಡಪ್ಪನ ಅಂಗಳದಲ್ಲಿ ಕಟ್ಟಿದರು. ನಾವು ಮಕ್ಕಳು ಹಿಂದೆ. ಸಗಣಿ, ಗಂಜಲ, ಹೆಂಗಸರ ಬೈಗುಳ. ರಾಜಣ್ಣನ ಬಿಳಿ ಪಂಚೆಗೆ ಒಂದು ಕರು ಮಾಡಬೇಕಾದ್ದನ್ನು ಮಾಡಿತು. ನನಗಾದ ಸಂತೋಷವನ್ನು ಇವತ್ತಿಗೂ ಮುಚ್ಚಿಡಲಾರೆ.

ಸಂಜೆ ನಂಜುಂಡಪ್ಪ ಒಬ್ಬನೇ ಗಿರಣಿಗೆ ಬಂದು ಖಾಲಿ ಚೀಲದ ಮೇಲೆ ಕೂತ.

"ನೀನು ಹೇಳಿದ್ದು ತಪ್ಪಲ್ಲ ಜಯಮ್ಮ. ಆದ್ರೆ ಸಭೇಲಿ ಹೇಳ್ಬಾರ್ದಿತ್ತು."

"ನೀವು ಸಭೇಲಿ ಹೇಳಿದ್ರಿ, ನಾನೂ ಸಭೇಲಿ ಹೇಳ್ದೆ."

"ನನ್ನ ಹುಡುಗ್ರಿಗೆ ಮಾತು ಕೊಟ್ಟಿದೀನಿ."

"ನಿಮ್ಮ ಹುಡುಗ್ರು ನೀವು ಸೋತ್ರೆ ನಾಳೆನೇ ಆ ಕಡೆ ಹೋಗ್ತಾರೆ. ನಾನು ಹೋಗಲ್ಲ. ಯಾರ ಮಾತು ಕೇಳ್ಬೇಕು ನೋಡ್ಕಳಿ."

ಇಬ್ಬರೂ ಕತ್ತಲಾಗುವವರೆಗೆ ಕಿತ್ತಾಡಿದರು. ಅಮ್ಮ ಪೂರಾ ಗೆಲ್ಲಲಿಲ್ಲ. ಗೋಮಾಳದ ಅರ್ಧ ಸೈಟಾಯಿತು, ಅರ್ಧ ಉಳಿಯಿತು. ಉಳಿದರ್ಧದಲ್ಲಿ ಹಸುಗಳು ಬಹಳ ಕಾಲ ಮೇದವು. ಮುಂದಿನ ಚುನಾವಣೆಗೆ ರಾಜಣ್ಣ ತನ್ನ ಸೈಟಿನಲ್ಲಿ ಮನೆ ಕಟ್ಟಿ, ಎದುರು ಪಾರ್ಟಿ ಸೇರಿ, ಅಲ್ಲಿ ಚಪ್ಪಾಳೆ ತಟ್ಟುತ್ತಿದ್ದ. ಅಮ್ಮ ಮತ್ತೆ ನಂಜುಂಡಪ್ಪನಿಗೇ ಓಟು ಹಾಕಿದಳು, ಆ ಸಲ ಚರಂಡಿ ವಿಷಯಕ್ಕೆ ಜಗಳ ತೆಗೆದು.

ಅವರಿಬ್ಬರೂ ಈಗಿಲ್ಲ. ನಾನು ತುಮಕೂರಿನಲ್ಲಿದ್ದೇನೆ. ಈಗ ಎಲೆಕ್ಷನ್ನಿಗೆ ವಾಸನೆ ಇಲ್ಲ. ಮೊಬೈಲಿನಲ್ಲಿ ಬೆಳಿಗ್ಗೆ ಜೈಕಾರ, ಸಂಜೆ ಶಾಪ. ಓದಿದವರು, ಸಂಬಳದವರು, ತಮ್ಮ ನಾಯಕ ಏನು ಹೇಳಿದರೂ ಹೌದಪ್ಪ ಅನ್ನುವವರು. ರಾಜಣ್ಣನಿಗೆ ಸೈಟಿನ ಆಸೆಯಾದರೂ ಇತ್ತು, ಇವರು ಪುಕ್ಕಟೆ. ಕಳೆದ ಸಲ ನಮ್ಮ ವಾರ್ಡಿನ ಅಭ್ಯರ್ಥಿಯ ಬಗ್ಗೆ ಬಡಾವಣೆಯ ಗ್ರೂಪಿನಲ್ಲಿ ನಾನು ಬರೆದೆ: ನನ್ನ ಓಟು ಇವರಿಗೇ, ಆದರೆ ಪಾರ್ಕಿನ ಜಾಗದಲ್ಲಿ ಅಂಗಡಿ ಕಟ್ಟಿಸುತ್ತೇನೆ ಅನ್ನುವುದು ತಪ್ಪು. ಕಾಫಿ ಕುಡಿದು ಮುಗಿಸುವುದರೊಳಗೆ ನನ್ನನ್ನು ಗ್ರೂಪಿನಿಂದ ತೆಗೆದಿದ್ದರು.

ಅಭ್ಯರ್ಥಿ ಮನೆಗೆ ಬಂದಾಗ ಅದನ್ನೇ ಎದುರಿಗೆ ಹೇಳಿದೆ. "ಓಟು ನಿಮಗೇ" ಅನ್ನುವವರೆಗೆ ಕೈ ಮುಗಿದು ಕೇಳಿಸಿಕೊಂಡರು. "ಆದರೆ" ಅನ್ನುವಷ್ಟರಲ್ಲಿ ಪಕ್ಕದ ಮನೆ ಗೇಟಿನಲ್ಲಿದ್ದರು. ಹುಡುಗರು ನನ್ನ ಗೇಟಿಗೆ ಸ್ಟಿಕ್ಕರ್ ಅಂಟಿಸಿ ಓಡಿದರು.

ಅವರಿಗೇ ಓಟು ಹಾಕಿದೆ. ಗೆದ್ದರು. ಪಾರ್ಕು ಹೋಯಿತು. ಜಗಳ ಆಡೋಣ ಅಂತ ಹೋದರೆ, ಅವರ ಆಫೀಸಿನಲ್ಲಿ ಒಬ್ಬ ಹುಡುಗ ಮೊಬೈಲಿನಿಂದ ತಲೆ ಎತ್ತದೆ ಕೇಳಿದ: "ಮೇಡಂ, ನೀವು ಯಾವ ಕಡೆಯೋರು?"